ಬಿಲ್ಡ್ ಆಪ್ಷನ್‌ಗಳ ವಿವರ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಲಿನಕ್ಸ್‌ನಲ್ಲಿ ಓಪನ್ ಸೋರ್ಸ್ ಪ್ಯಾಕೇಜ್‌ಗಳನ್ನು ನಾನೇ ಕಂಪೈಲ್ ಮಾಡಲು ಕಲಿಯುತ್ತಿದ್ದೇನೆ. ಕಂಪೈಲ್‌ಗೆ ಮೊದಲು ಓಡಿಸುವ ಕಾನ್ಫಿಗರ್ ಸ್ಕ್ರಿಪ್ಟ್‌ಗೆ ‘ಕಾನ್ಫಿಗರ್ --ಹೆಲ್ಪ್’ ಎಂದು ಕೊಟ್ಟರೆ ಪುಟಗಟ್ಟಲೆ ಆಪ್ಷನ್‌ಗಳು ಬರುತ್ತವೆ. ವಿವರಣೆ ಮಾತ್ರ ಅರ್ಧ ಸಾಲು. ಮೊನ್ನೆ ಕರ್ಲ್ (ಇಂಟರ್ನೆಟ್‌ನಿಂದ ಫೈಲ್ ತರುವ ಪ್ರೋಗ್ರಾಂ) ಕಂಪೈಲ್ ಮಾಡುವಾಗ ಲಿಬ್‌ಪಿಎಸ್‌ಎಲ್ ಎಂಬ ಲೈಬ್ರರಿ ಸಿಗಲಿಲ್ಲ ಎಂದು ಕೆಲಸ ನಿಂತುಹೋಯಿತು. ‘--ವಿತೌಟ್-ಲಿಬ್‌ಪಿಎಸ್‌ಎಲ್’ ಹಾಕಿದೆ, ಮುಂದೆ ಹೋಯಿತು. ಆದರೆ ಹೆಲ್ಪ್‌ನಲ್ಲಿ ಅದರ ಬಗ್ಗೆ ‘ಲಿಬ್‌ಪಿಎಸ್‌ಎಲ್ ಸಪೋರ್ಟ್ ತೆಗೆಯುತ್ತದೆ’ ಎಂದಷ್ಟೇ ಇದೆ. ಅದನ್ನು ತೆಗೆದು ನಾನು ಏನು ಕಳೆದುಕೊಂಡೆ? ಇಂಥ ಆಪ್ಷನ್‌ಗಳ ಅರ್ಥವನ್ನು ಎಲ್ಲಿ ಓದಬೇಕು?

ಉತ್ತರ: ನಿಮ್ಮ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಹೆಚ್ಚಿನವರು ಎರರ್ ಹೋದರೆ ಸಾಕು ಎಂದು ಮುಂದೆ ಹೋಗುತ್ತಾರೆ. ನೀವು ‘ಏನು ಕಳೆದುಕೊಂಡೆ’ ಎಂದು ನಿಂತು ಕೇಳಿದ್ದೀರಿ. ಕಂಪೈಲ್ ಮಾಡುವವರು ಕೇಳಬೇಕಾದ ಪ್ರಶ್ನೆ ಇದೇ.

ಎಲ್ಲ ಪ್ಯಾಕೇಜ್‌ಗಳ ಎಲ್ಲ ಆಪ್ಷನ್‌ಗಳನ್ನು ವಿವರಿಸುವ ಒಂದೇ ಜಾಗ ಇಲ್ಲ. ಆದರೆ ಒಂದು ವಿಷಯ ಖಚಿತ. ಆಪ್ಷನ್‌ನ ನಿಜವಾದ ಅರ್ಥ ನೀವು ಡೌನ್‌ಲೋಡ್ ಮಾಡಿಕೊಂಡ ಸೋರ್ಸ್‌ನ ಒಳಗೇ ಇದೆ. ಹುಡುಕಾಟ ಶುರುವಾಗಬೇಕಾದದ್ದು ಅಲ್ಲಿಂದ, ಸರ್ಚ್ ಎಂಜಿನ್‌ನಿಂದ ಅಲ್ಲ. ಅದು ಯಾಕೆ, ಹೇಗೆ ಎಂದು ನಿಮ್ಮ ಲಿಬ್‌ಪಿಎಸ್‌ಎಲ್ ಉದಾಹರಣೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.

ಮೊದಲು ಆ ಉದ್ದ ಪಟ್ಟಿಯ ಹೆದರಿಕೆ ಕಳೆಯೋಣ. ಹೆಲ್ಪ್‌ನಲ್ಲಿ ಬರುವ ಪಟ್ಟಿಯಲ್ಲಿ ಎರಡು ಮೂರು ಜನರ ಮಾತು ಕಲೆತಿರುತ್ತದೆ. ‘ಪ್ರಿಫಿಕ್ಸ್’, ‘ಲಿಬ್‌ಡಿರ್’, ‘ಸಿಸ್‌ಕಾನ್ಫ್‌ಡಿರ್’, ‘ಹೋಸ್ಟ್’ ಇಂಥವು ಕಾನ್ಫಿಗರ್ ಸ್ಕ್ರಿಪ್ಟನ್ನು ತಯಾರಿಸುವ ಆಟೋಕಾನ್ಫ್ ಎಂಬ ಟೂಲ್ ಕೊಡುವ ಆಪ್ಷನ್‌ಗಳು. ಆಟೋಕಾನ್ಫ್ ಬಳಸುವ ಎಲ್ಲ ಪ್ಯಾಕೇಜ್‌ನಲ್ಲೂ ಇವು ಹೀಗೇ ಇರುತ್ತವೆ. ಒಮ್ಮೆ ಆಟೋಕಾನ್ಫ್ ಮ್ಯಾನ್ಯುಯಲ್‌ನಲ್ಲಿ ಓದಿಕೊಂಡರೆ ಎಲ್ಲ ಕಡೆಗೂ ಸಾಕು. ‘ಶೇರ್ಡ್’, ‘ಸ್ಟ್ಯಾಟಿಕ್’, ‘ಪಿಕ್’ ಎಂಬವು ಲೈಬ್ರರಿ ಕಟ್ಟಲು ನೆರವಾಗುವ ಲಿಬ್‌ಟೂಲ್ ಎಂಬ ಟೂಲ್‌ನಿಂದ ಬಂದವು. ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು ಪ್ಯಾಕೇಜ್‌ನ ಸ್ವಂತ ಆಪ್ಷನ್‌ಗಳು. ‘ಕಾನ್ಫಿಗರ್ --ಹೆಲ್ಪ್=ಶಾರ್ಟ್’ ಎಂದು ಕೊಟ್ಟು ನೋಡಿ. ಎಲ್ಲ ಕಡೆ ಇರುವ ಡೈರೆಕ್ಟರಿ ಆಪ್ಷನ್‌ಗಳ ದೊಡ್ಡ ಪಟ್ಟಿ ಹೋಗಿ, ಈ ಪ್ಯಾಕೇಜ್‌ಗೆ ಸೇರಿದ್ದು ಮಾತ್ರ ಕಾಣುತ್ತದೆ. ಒಳಗೆ ಇನ್ನೊಂದು ಪ್ಯಾಕೇಜ್ ಸೇರಿಸಿಕೊಂಡಿರುವ ಸೋರ್ಸ್ ಆದರೆ ‘--ಹೆಲ್ಪ್=ರಿಕರ್ಸಿವ್’ ಕೊಡಿ. ಆಗ ಒಳಗಿನ ಕಾನ್ಫಿಗರ್‌ಗಳ ಆಪ್ಷನ್‌ಗಳೂ ಹೊರಗೆ ಬರುತ್ತವೆ.

ಆ ಅರ್ಧ ಸಾಲಿನಲ್ಲೂ ಓದಲು ಬಂದರೆ ಸಾಕಷ್ಟು ವಿಷಯ ಇದೆ. ‘ಎನೇಬಲ್’ ಎಂದು ಶುರುವಾದರೆ ಅದು ಪ್ಯಾಕೇಜ್‌ನ ಒಳಗಿನದೇ ಒಂದು ಸೌಲಭ್ಯ. ‘ವಿತ್’ ಎಂದು ಶುರುವಾದರೆ ಹೊರಗಿನ ಇನ್ನೊಂದು ಲೈಬ್ರರಿಯ ಮಾತು. ಆಟೋಕಾನ್ಫ್‌ನ ನಿಯಮ ಇದು, ಎಲ್ಲರೂ ಪಾಲಿಸುವುದಿಲ್ಲ, ಆದರೂ ಬಹುಪಾಲು ನಿಜ. ಇನ್ನೊಂದು ರೂಢಿ ಇದಕ್ಕಿಂತ ಉಪಯೋಗದ್ದು. ಹೆಲ್ಪ್‌ನಲ್ಲಿ ‘ಡಿಸೇಬಲ್’ ಅಥವಾ ‘ವಿತೌಟ್’ ರೂಪ ಬರೆದಿದ್ದರೆ, ಸಾಮಾನ್ಯವಾಗಿ ಆ ಸೌಲಭ್ಯ ಮೊದಲೇ ಆನ್ ಆಗಿದೆ ಎಂದು ಅರ್ಥ. ‘ಎನೇಬಲ್’ ಅಥವಾ ‘ವಿತ್’ ಎಂದು ಬರೆದಿದ್ದರೆ ಮೊದಲು ಆಫ್ ಇದೆ, ಬೇಕಾದರೆ ನೀವು ಆನ್ ಮಾಡಬೇಕು. ನಿಮ್ಮ ಕರ್ಲ್ ಹೆಲ್ಪ್‌ನಲ್ಲಿ ಇದ್ದದ್ದು ‘ವಿತೌಟ್-ಲಿಬ್‌ಪಿಎಸ್‌ಎಲ್’ ಅಲ್ವಾ? ಅಂದರೆ ಇದು ಇರಲಿ ಎಂಬುದೇ ಕರ್ಲ್ ಬರೆದವರ ಇಷ್ಟ. ಅದು ಸಿಗದಿದ್ದಾಗ ಸುಮ್ನೆ ಮುಂದೆ ಹೋಗದೆ ನಿಂತು ಹೇಳುತ್ತದೆ ಎಂದರೆ ಅದಕ್ಕೆ ಅವರು ಕೊಡುವ ಮಹತ್ವ ಇನ್ನೂ ಜಾಸ್ತಿ. ಇದೊಂದೇ ಸುಳಿವು ಸಾಕು, ‘ಇದನ್ನು ತೆಗೆಯುವ ಮೊದಲು ಓದಬೇಕು’ ಎಂದು ತಿಳಿಯಲು.

ಆನ್, ಆಫ್ ಬಿಟ್ಟು ಮೂರನೆಯ ಸ್ಥಿತಿಯೂ ಒಂದಿದೆ. ಅದು ಆಟೋ. ಲೈಬ್ರರಿ ಸಿಸ್ಟಂನಲ್ಲಿ ಸಿಕ್ಕರೆ ಸೇರಿಸು, ಸಿಗದಿದ್ದರೆ ಏನೂ ಹೇಳದೆ ಬಿಡು ಎನ್ನುವ ರೀತಿ. ನನ್ನ ಪ್ರಕಾರ ಜನ ಹೆಚ್ಚು ಮೋಸಹೋಗುವುದು ಇಲ್ಲೇ. ನಿಮ್ಮ ಮಷಿನ್‌ನಲ್ಲಿ ಕೆಲಸ ಮಾಡಿದ್ದು ಇನ್ನೊಂದರಲ್ಲಿ ಮಾಡುವುದಿಲ್ಲ. ಎರಡಕ್ಕೂ ಕೊಟ್ಟ ಕಮಾಂಡ್ ಮಾತ್ರ ಒಂದೇ. ಜೆಂಟೂ ಲಿನಕ್ಸ್‌ನವರು ಇದಕ್ಕೆ ‘ಆಟೋಮ್ಯಾಜಿಕ್’ ಡಿಪೆಂಡೆನ್ಸಿ ಎಂದೇ ಹೆಸರಿಟ್ಟಿದ್ದಾರೆ, ಅದನ್ನು ದೋಷ ಎಂದೇ ಎಣಿಸುತ್ತಾರೆ. ನಿಮಗೆ ಒಂದು ಸೌಲಭ್ಯ ಬೇಕೇ ಬೇಕು ಎಂದಿದ್ದರೆ ಆಟೋ ಮೇಲೆ ಭರವಸೆ ಇಡಬೇಡಿ. ‘ವಿತ್’ ಎಂದು ಬಾಯಿಬಿಟ್ಟು ಹೇಳಿ. ಆಗ ಲೈಬ್ರರಿ ಸಿಗದಿದ್ದರೆ ಒಳ್ಳೆಯ ಕಾನ್ಫಿಗರ್ ಎರರ್ ಕೊಟ್ಟು ನಿಲ್ಲುತ್ತದೆ. ಹಾಗೇ, ಕಾನ್ಫಿಗರ್ ಮುಗಿದಾಗ ಕೊನೆಯಲ್ಲಿ ಬರುವ ಸಾರಾಂಶವನ್ನು ಓದದೆ ‘ಮೇಕ್’ ಕೊಡಬೇಡಿ. ಕರ್ಲ್ ಸೇರಿದಂತೆ ಅನೇಕ ಪ್ಯಾಕೇಜ್‌ಗಳು ಯಾವುದು ಸೇರಿತು, ಯಾವುದು ಇಲ್ಲ ಎಂದು ಅಲ್ಲಿ ಸಾಲು ಸಾಲಾಗಿ ಬರೆಯುತ್ತವೆ.

ಈಗ ಸರ್ಚ್ ಎಂಜಿನ್ ಯಾಕೆ ಮೊದಲಲ್ಲ ಎಂಬ ಮಾತು. ಆಪ್ಷನ್‌ಗಳು ವರ್ಷನ್‌ನಿಂದ ವರ್ಷನ್‌ಗೆ ಬದಲಾಗುತ್ತವೆ. ಕರ್ಲ್‌ನಲ್ಲೇ ನೋಡಿ. 2021ರಲ್ಲಿ ಬಂದ 7.77.0 ವರ್ಷನ್‌ನಿಂದ ಯಾವ ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿ ಕಳಿಸುವ) ಲೈಬ್ರರಿ ಬೇಕು ಎಂದು ನೀವೇ ಹೇಳಬೇಕು. ‘ವಿತ್-ಓಪನ್‌ಎಸ್‌ಎಸ್‌ಎಲ್’, ‘ವಿತ್-ಗ್ನುಟಿಎಲ್‌ಎಸ್’ ಹೀಗೆ ಒಂದನ್ನು ಆರಿಸಬೇಕು, ಇಲ್ಲವೇ ‘ವಿತೌಟ್-ಎಸ್‌ಎಸ್‌ಎಲ್’ ಎನ್ನಬೇಕು. ಅದಕ್ಕಿಂತ ಮೊದಲು ಏನೂ ಹೇಳದಿದ್ದರೂ ಅದು ತಾನೇ ಹುಡುಕಿಕೊಳ್ಳುತ್ತಿತ್ತು. ಹಳೆಯ ಟ್ಯುಟೋರಿಯಲ್ ನೋಡಿ ಬರೀ ‘ಕಾನ್ಫಿಗರ್’ ಎಂದು ಕೊಟ್ಟವರಿಗೆ ಈಗ ಎರರ್ ಬರುತ್ತದೆ. ಟ್ಯುಟೋರಿಯಲ್ ಬರೆದಾಗ ಅದು ಸರಿಯೇ ಇತ್ತು. ನಿಮ್ಮ ಕೈಯಲ್ಲಿರುವ ವರ್ಷನ್‌ಗೆ ಅದು ಸರಿಯಲ್ಲ ಅಷ್ಟೇ.

ಎರರ್ ಬಂದರೆ ಪರವಾಗಿಲ್ಲ, ಕನಿಷ್ಠ ಗೊತ್ತಾಗುತ್ತದೆ. ಬರದಿದ್ದರೆ ಕಷ್ಟ. ಆಟೋಕಾನ್ಫ್‌ನಿಂದ ಆದ ಕಾನ್ಫಿಗರ್‌ಗೆ ಗೊತ್ತಿಲ್ಲದ ‘ಎನೇಬಲ್’ ಅಥವಾ ‘ವಿತ್’ ಆಪ್ಷನ್ ಕೊಟ್ಟರೆ ಅದು ನಿಲ್ಲುವುದಿಲ್ಲ. ‘ಗುರುತು ಸಿಗದ ಆಪ್ಷನ್’ ಎಂದು ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ. ನಾನು ಒಮ್ಮೆ ಹೀಗೆ ಎರಡು ದಿನ ಕಳೆದೆ. ಯಾರೋ ಬರೆದಿಟ್ಟಿದ್ದ ಒಂದು ಆಪ್ಷನ್ ಅನ್ನು ಹಾಗೇ ಹಾಕಿ ಕಂಪೈಲ್ ಮಾಡಿದ್ದೆ. ಆ ಆಪ್ಷನ್‌ನ ಹೆಸರು ಎರಡು ವರ್ಷನ್ ಹಿಂದೆಯೇ ಬದಲಾಗಿತ್ತು. ವಾರ್ನಿಂಗ್ ಬಂದಿತ್ತು, ಆದರೆ ನೂರಾರು ‘ಚೆಕಿಂಗ್ ಫಾರ್’ ಸಾಲುಗಳ ನಡುವೆ ಮೇಲೆ ಹೋಗಿಬಿಟ್ಟಿತ್ತು. ಸೌಲಭ್ಯ ಸೇರಿದೆ ಎಂದುಕೊಂಡು ನಾನು ಬೇರೆಲ್ಲೋ ತಪ್ಪು ಹುಡುಕುತ್ತಿದ್ದೆ. ಅಂದಿನಿಂದ ‘--ಎನೇಬಲ್-ಆಪ್ಷನ್-ಚೆಕಿಂಗ್=ಫೇಟಲ್’ ಎಂಬುದನ್ನು ಯಾವಾಗಲೂ ಸೇರಿಸುತ್ತೇನೆ. ಇದು ಆಟೋಕಾನ್ಫ್ ತಾನೇ ಕೊಡುವ ಆಪ್ಷನ್. ಇದಿದ್ದರೆ ಗೊತ್ತಿಲ್ಲದ ಹೆಸರು ಬಂದ ಕೂಡಲೇ ಕಾನ್ಫಿಗರ್ ನಿಲ್ಲುತ್ತದೆ. ದಯವಿಟ್ಟು ನೀವೂ ರೂಢಿ ಮಾಡಿಕೊಳ್ಳಿ. ಒಳಗೆ ಇನ್ನೊಂದು ಕಾನ್ಫಿಗರ್ ಇರುವ ದೊಡ್ಡ ಸೋರ್ಸ್‌ಗಳಲ್ಲಿ ಇದು ಕೆಲಸಕ್ಕೆ ಬಾರದಿರಬಹುದು, ಉಳಿದ ಕಡೆ ತುಂಬಾ ಸಹಾಯಕ್ಕೆ ಬರುತ್ತದೆ.

ಸೋರ್ಸ್ ಬಿಚ್ಚಿದ ಮೇಲೆ ಏನು ಓದಬೇಕು? ‘ಇನ್‌ಸ್ಟಾಲ್’ ಎಂಬ ಫೈಲ್ ಕಂಡರೆ ಒಮ್ಮೆ ತೆರೆದು ನೋಡಿ. ಅನೇಕ ಪ್ಯಾಕೇಜ್‌ಗಳಲ್ಲಿ ಅದು ಗ್ನು ಯೋಜನೆಯ ಸಾಮಾನ್ಯ ಸೂಚನೆಗಳ ನಕಲು ಮಾತ್ರ. ಈ ಪ್ಯಾಕೇಜ್ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರುವುದಿಲ್ಲ. ಹಾಗಿದ್ದರೆ ಪಕ್ಕಕ್ಕಿಡಿ. ‘ರೀಡ್‌ಮಿ’, ‘ಡಾಕ್ಸ್’ ಫೋಲ್ಡರ್, ‘ನ್ಯೂಸ್’ ಅಥವಾ ‘ಚೇಂಜ್‌ಲಾಗ್’ ಫೈಲ್ ಇವುಗಳಲ್ಲಿ ಆಪ್ಷನ್‌ನ ಹೆಸರು ಹುಡುಕಿ. ನ್ಯೂಸ್ ಫೈಲ್ ಅನ್ನು ಜನ ಮರೆಯುತ್ತಾರೆ. ಹೊಸ ಆಪ್ಷನ್ ಬಂದಾಗ ಅದು ಏನು, ಯಾಕೆ ಎಂದು ಎರಡು ಸಾಲು ಬರೆಯುವುದು ಸಾಮಾನ್ಯವಾಗಿ ಅಲ್ಲೇ.

ಕೆಲವು ದೊಡ್ಡ ಯೋಜನೆಗಳು ಈ ಕೆಲಸವನ್ನು ತುಂಬಾ ಚೆನ್ನಾಗಿ ಮಾಡಿವೆ. ಪೋಸ್ಟ್‌ಗ್ರೆಸ್ ಮ್ಯಾನ್ಯುಯಲ್‌ನಲ್ಲಿ ಸೋರ್ಸ್‌ನಿಂದ ಇನ್‌ಸ್ಟಾಲ್ ಮಾಡುವುದಕ್ಕೆಂದೇ ಒಂದು ಅಧ್ಯಾಯ ಇದೆ, ಒಂದೊಂದು ಆಪ್ಷನ್‌ಗೂ ವಿವರ ಇದೆ, ವರ್ಷನ್‌ವಾರು ಮ್ಯಾನ್ಯುಯಲ್ ಬೇರೆ ಬೇರೆ ಇದೆ. ಪೈಥಾನ್ ದಾಖಲೆಯಲ್ಲೂ ಕಾನ್ಫಿಗರ್ ಆಪ್ಷನ್‌ಗಳ ಪುಟ ಇದೆ. ಜಿಸಿಸಿ ಇನ್‌ಸ್ಟಾಲ್ ಪುಟ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಒಂದು ಎಚ್ಚರಿಕೆ ಕೊಡುತ್ತದೆ. ಕಾನ್ಫಿಗರ್ ಹೆಲ್ಪ್‌ನಲ್ಲಿ ಬೇರೆ ಆಪ್ಷನ್‌ಗಳು ಕಾಣಬಹುದು, ಆದರೆ ಈ ಪುಟದಲ್ಲಿ ಇಲ್ಲದ ಆಪ್ಷನ್ ಕೆಲಸ ಮಾಡದೆಯೂ ಇರಬಹುದು, ಸಾಮಾನ್ಯವಾಗಿ ಬಳಸಬೇಡಿ ಎನ್ನುತ್ತದೆ. ಹೆಲ್ಪ್‌ನಲ್ಲಿ ಇದೆ ಎಂದ ಮಾತ್ರಕ್ಕೆ ಅದು ಬೆಂಬಲವಿರುವ ಆಪ್ಷನ್ ಅಲ್ಲ. ಇದನ್ನು ನೆನಪಿಡಿ.

ಎಲ್ಲ ಪ್ಯಾಕೇಜ್‌ಗಳಲ್ಲೂ ಕಾನ್ಫಿಗರ್ ಸ್ಕ್ರಿಪ್ಟ್ ಇರುವುದಿಲ್ಲ. ಸೋರ್ಸ್‌ನ ಮೇಲಿನ ಫೋಲ್ಡರ್‌ನಲ್ಲಿ ಯಾವ ಫೈಲ್ ಇದೆ ಎಂದು ನೋಡಿದರೆ ಯಾವ ಬಿಲ್ಡ್ ಟೂಲ್ ಎಂದು ತಿಳಿಯುತ್ತದೆ. ‘ಕಾನ್ಫಿಗರ್.ಎಸಿ’ ಇದೆ, ‘ಕಾನ್ಫಿಗರ್’ ಇಲ್ಲ ಎಂದರೆ ನೀವು ಟಾರ್‌ಬಾಲ್ (ಬಿಡುಗಡೆಯಾದ ಸೋರ್ಸ್‌ನ ಕಟ್ಟು) ಬದಲು, ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಿಂದ ಸೋರ್ಸ್ ತಂದಿದ್ದೀರಿ. ‘ಆಟೋರೀಕಾನ್ಫ್ -ಎಫ್‌ಐ’ ಕೊಟ್ಟರೆ ಅಥವಾ ಅಲ್ಲಿರುವ ‘ಆಟೋಜೆನ್’ ಸ್ಕ್ರಿಪ್ಟ್ ಓಡಿಸಿದರೆ ಕಾನ್ಫಿಗರ್ ಹುಟ್ಟುತ್ತದೆ, ಆಮೇಲೆ ಹೆಲ್ಪ್ ಕೇಳಬಹುದು.

‘ಸಿಮೇಕ್‌ಲಿಸ್ಟ್ಸ್’ ಫೈಲ್ ಇದ್ದರೆ ಅದು ಸಿಮೇಕ್. ಇಲ್ಲಿ ಪ್ಯಾಕೇಜ್‌ನ ಆಪ್ಷನ್‌ಗಳಿಗೆಂದು ಹೆಲ್ಪ್ ಇಲ್ಲ. ಹೊಸಬರು ಇಲ್ಲೇ ದಾರಿ ತಪ್ಪುವುದು. ಮೊದಲು ಒಂದು ಖಾಲಿ ಬಿಲ್ಡ್ ಫೋಲ್ಡರ್‌ನಲ್ಲಿ ಸಿಮೇಕ್ ಓಡಿಸಿ. ಆಮೇಲೆ ಅದೇ ಫೋಲ್ಡರ್‌ನಲ್ಲಿ ‘ಸಿಮೇಕ್ -ಎಲ್‌ಎಚ್’ ಎಂದು ದೊಡ್ಡ ಅಕ್ಷರಗಳಲ್ಲಿ ಕೊಟ್ಟು, ಕೊನೆಗೆ ಒಂದು ಚುಕ್ಕೆ ಹಾಕಿ. ಆಪ್ಷನ್, ಅದರ ಈಗಿನ ಮೌಲ್ಯ (ವ್ಯಾಲ್ಯೂ), ಮೇಲೊಂದು ಸಾಲು ವಿವರಣೆ ಎಲ್ಲ ಬರುತ್ತದೆ. ನಡುವೆ ‘ಎ’ ಸೇರಿಸಿ ‘-ಎಲ್‌ಎಎಚ್’ ಎಂದರೆ ಅಡ್ವಾನ್ಸ್ಡ್ ಎಂದು ಮುಚ್ಚಿಟ್ಟವೂ ಬರುತ್ತವೆ. ಟರ್ಮಿನಲ್ ಒಳಗೇ ಓಡಾಡಿ ನೋಡಬೇಕಾದರೆ ‘ಸಿಸಿಮೇಕ್’ ಇದೆ. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಸಿಮೇಕ್‌ನಲ್ಲಿ ಒಂದು ಆಪ್ಷನ್ ಆನ್ ಮಾಡಿದ ಮೇಲೆ ಮಾತ್ರ ಇನ್ನು ಕೆಲವು ಆಪ್ಷನ್‌ಗಳು ಹುಟ್ಟಬಹುದು. ಹಾಗಾಗಿ ಒಮ್ಮೆ ನೋಡಿದ ಪಟ್ಟಿ ಪೂರ್ತಿ ಪಟ್ಟಿಯಲ್ಲ. ಸಿಮೇಕ್‌ನದೇ ಆದ ಆಪ್ಷನ್‌ಗಳ ವಿವರ ಬೇಕಾದರೆ ‘ಸಿಮೇಕ್ --ಹೆಲ್ಪ್-ವೇರಿಯಬಲ್’ ಎಂದು ಬರೆದು ಮುಂದೆ ಹೆಸರು ಕೊಡಿ. ಇಂಟರ್ನೆಟ್ ಇಲ್ಲದೆಯೂ ಪೂರ್ತಿ ದಾಖಲೆ ತೆರೆಯುತ್ತದೆ. ತಪ್ಪು ಹೆಸರು ಕೊಟ್ಟರೆ ಸಿಮೇಕ್ ಕೂಡ ನಿಲ್ಲುವುದಿಲ್ಲ. ‘ನೀವು ಕೊಟ್ಟ ಈ ವೇರಿಯಬಲ್ ಬಳಕೆಯಾಗಲಿಲ್ಲ’ ಎಂದು ಕೊನೆಯಲ್ಲಿ ವಾರ್ನಿಂಗ್ ಕೊಡುತ್ತದೆ, ಅದನ್ನು ಓದಿ.

ಮೆಸಾನ್ ಎಂಬ ಬಿಲ್ಡ್ ಟೂಲ್ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟ. ಅದರಲ್ಲಿ ಎಲ್ಲ ಆಪ್ಷನ್‌ಗಳೂ ಒಂದೇ ಫೈಲ್‌ನಲ್ಲಿ ಇರಬೇಕು. ಹಳೆಯ ಹೆಸರು ‘ಮೆಸಾನ್_ಆಪ್ಷನ್ಸ್.ಟಿಎಕ್ಸ್‌ಟಿ’, ಹೊಸದು ‘ಮೆಸಾನ್.ಆಪ್ಷನ್ಸ್’. ಹೆಸರು, ಬಗೆ, ಡೀಫಾಲ್ಟ್ ಮೌಲ್ಯ, ವಿವರಣೆ ಎಲ್ಲ ಅಲ್ಲೇ ಓದಬಹುದು. ‘ಮೆಸಾನ್ ಕಾನ್ಫಿಗರ್’ ಕೊಟ್ಟರೆ ಪಟ್ಟಿಯಾಗಿ ಕಾಣುತ್ತದೆ. ಗೊತ್ತಿಲ್ಲದ ಆಪ್ಷನ್ ಕೊಟ್ಟರೆ ಎರರ್ ಕೊಟ್ಟು ನಿಲ್ಲುತ್ತದೆ. ಮೊದಲು ಹೇಳಿದ ಆಟೋ ಸ್ಥಿತಿಗೂ ಇಲ್ಲಿ ಮದ್ದಿದೆ. ‘ಆಟೋ_ಫೀಚರ್ಸ್’ ಎಂಬುದನ್ನು ‘ಎನೇಬಲ್ಡ್’ ಎಂದು ಇಟ್ಟರೆ ಆಟೋ ಇದ್ದದ್ದೆಲ್ಲ ಕಡ್ಡಾಯವಾಗುತ್ತದೆ. ಯಾವ ಲೈಬ್ರರಿ ಇಲ್ಲವೋ ಅಲ್ಲೇ ನಿಂತು ಹೇಳುತ್ತದೆ.

ಲಿನಕ್ಸ್ ಕರ್ನಲ್‌ನದು ಬೇರೆಯೇ ಲೋಕ. ಸಾವಿರಾರು ಆಪ್ಷನ್‌ಗಳಿದ್ದರೂ ವಿವರಣೆಯಲ್ಲಿ ಅದು ಉಳಿದವರಿಗೆ ಮಾದರಿ. ‘ಮೇಕ್ ಮೆನುಕಾನ್ಫಿಗ್’ ತೆರೆದು, ಯಾವುದೇ ಆಪ್ಷನ್ ಮೇಲೆ ನಿಂತು ಪ್ರಶ್ನೆ ಚಿಹ್ನೆ ಒತ್ತಿ. ಏನು, ಯಾರಿಗೆ ಬೇಕು, ಗೊತ್ತಿಲ್ಲದಿದ್ದರೆ ಏನು ಉತ್ತರಿಸಬೇಕು ಎಂಬುದನ್ನೂ ಎಷ್ಟೋ ಕಡೆ ಬರೆದಿದ್ದಾರೆ. ಓರೆಗೆರೆ ಒತ್ತಿದರೆ ಹೆಸರಿನಿಂದ ಹುಡುಕಬಹುದು. ಯಾವುದು ಯಾವುದನ್ನು ಅವಲಂಬಿಸಿದೆ ಎಂಬುದೂ ಕಾಣುತ್ತದೆ. ಬಿಸಿಬಾಕ್ಸ್, ಬಿಲ್ಡ್‌ರೂಟ್, ಯು-ಬೂಟ್ ಕೂಡ ಇದೇ ಕೆಕಾನ್ಫಿಗ್ ವಿಧಾನ ಬಳಸುತ್ತವೆ.

ಇನ್ನು ಕೆಲವರು ಕಾನ್ಫಿಗರ್ ಎಂಬ ಹೆಸರಿಟ್ಟು ಸ್ಕ್ರಿಪ್ಟನ್ನು ಕೈಯಿಂದಲೇ ಬರೆದಿರುತ್ತಾರೆ. ಎಫ್‌ಎಫ್‌ಎಂಪೆಗ್, ಎಂಜಿನ್‌ಎಕ್ಸ್ ಹೀಗೆ. ಆಟೋಕಾನ್ಫ್ ನಿಯಮಗಳು ಇಲ್ಲಿ ನಡೆಯುವುದಿಲ್ಲ, ಆದರೆ ಹೆಲ್ಪ್ ಇದೆ. ಎಫ್‌ಎಫ್‌ಎಂಪೆಗ್‌ನಲ್ಲಿ ‘--ಲಿಸ್ಟ್-ಡೀಕೋಡರ್ಸ್’ ತರಹದ ಆಪ್ಷನ್‌ಗಳೂ ಇವೆ. ಒಂದೊಂದು ಡೀಕೋಡರ್ ಅನ್ನೂ ಹೆಸರು ಹಿಡಿದು ಆನ್ ಆಫ್ ಮಾಡಬಹುದು. ಓಪನ್‌ಎಸ್‌ಎಸ್‌ಎಲ್ ಪರ್ಲ್‌ನಲ್ಲಿ ಬರೆದ ತನ್ನದೇ ಸ್ಕ್ರಿಪ್ಟ್ ಬಳಸುತ್ತದೆ. ಅದರ ಇನ್‌ಸ್ಟಾಲ್ ಫೈಲ್ ಮಾತ್ರ ಸಾಮಾನ್ಯ ನಕಲಲ್ಲ, ಆಪ್ಷನ್‌ಗಳನ್ನೆಲ್ಲ ಅಲ್ಲಿ ವಿವರವಾಗಿ ಬರೆದಿದ್ದಾರೆ.

ಇಷ್ಟೆಲ್ಲ ಓದಿದರೂ ಅರ್ಥ ಸಿಗದ ಆಪ್ಷನ್‌ಗಳು ಉಳಿಯುತ್ತವೆ. ನಿಮ್ಮ ಲಿಬ್‌ಪಿಎಸ್‌ಎಲ್ ಅಂಥದ್ದೇ. ಆಗ ಸೋರ್ಸ್ ಕೋಡ್‌ಗೆ ಹೋಗಬೇಕು. ನೀವು ಸಿ ಪ್ರೋಗ್ರಾಮರ್ ಆಗಿರಬೇಕಿಲ್ಲ. ಪದ ಹುಡುಕಲು ಬಂದರೆ ಸಾಕು. ದಾರಿ ಯಾವಾಗಲೂ ಒಂದೇ. ಆಪ್ಷನ್ ಒಂದು ಮ್ಯಾಕ್ರೋ ಹೆಸರನ್ನು, ಅಂದರೆ ಕೋಡ್‌ನ ಒಂದು ಭಾಗ ಸೇರಬೇಕೇ ಬೇಡವೇ ಎಂದು ಕಂಪೈಲರ್‌ಗೆ ತಿಳಿಸುವ ಹೆಸರನ್ನು ಹುಟ್ಟಿಸುತ್ತದೆ. ಆ ಹೆಸರು ಕೋಡ್‌ನಲ್ಲಿ ಎಲ್ಲಿದೆಯೋ ಅಲ್ಲೇ ಆಪ್ಷನ್‌ನ ಕೆಲಸ ಇದೆ.

ಮಾಡಿ ನೋಡೋಣ. ಕರ್ಲ್ ಸೋರ್ಸ್‌ನಲ್ಲಿ ‘ಕಾನ್ಫಿಗರ್.ಎಸಿ’ ಫೈಲ್ ತೆರೆದು ಲಿಬ್‌ಪಿಎಸ್‌ಎಲ್ ಎಂದು ಹುಡುಕಿ. ‘ಎಸಿ_ಆರ್ಗ್_ವಿತ್’ ಎಂಬ ಸಾಲು ಸಿಗುತ್ತದೆ. ನೀವು ಹೆಲ್ಪ್‌ನಲ್ಲಿ ಓದಿದ ಅರ್ಧ ಸಾಲು ಇದ್ದದ್ದು ಇಲ್ಲೇ. ಸ್ವಲ್ಪ ಕೆಳಗೆ ಹೋದರೆ ‘ಎಸಿ_ಡಿಫೈನ್’ ಇದೆ, ಅದರ ಒಳಗೆ ‘ಯೂಸ್_ಲಿಬ್‌ಪಿಎಸ್‌ಎಲ್’ ಎಂಬ ಹೆಸರು. ಇದೇ ನಾವು ಹುಡುಕುತ್ತಿದ್ದ ಮ್ಯಾಕ್ರೋ. ಈಗ ಕರ್ಲ್‌ನ ‘ಲಿಬ್’ ಫೋಲ್ಡರ್‌ನಲ್ಲಿ ‘ಗ್ರೆಪ್ -ಆರ್‌ಎನ್’ ಕೊಟ್ಟು ಆ ಹೆಸರನ್ನು ಹುಡುಕಿ. ‘ಪಿಎಸ್‌ಎಲ್.ಸಿ’ ಎಂಬ ಫೈಲ್ ಬರುತ್ತದೆ. ಜೊತೆಗೆ ‘ಕುಕಿ.ಸಿ’ ಬರುತ್ತದೆ. ಕುಕಿ! ಇಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಆ ಫೈಲ್‌ನಲ್ಲಿ ಮ್ಯಾಕ್ರೋ ಇರುವ ಜಾಗದಲ್ಲಿ ಕರೆಯುತ್ತಿರುವ ಫಂಕ್ಷನ್ ಹೆಸರು ನೋಡಿ: ‘ಪಿಎಸ್‌ಎಲ್_ಈಸ್_ಕುಕಿ_ಡೊಮೇನ್_ಆಕ್ಸೆಪ್ಟಬಲ್’. ಅಂದರೆ, ‘ಈ ಡೊಮೇನ್‌ಗೆ ಈ ಕುಕಿ ಒಪ್ಪಬಹುದೇ?’ ಎಂಬ ಪ್ರಶ್ನೆ.

ಪಿಎಸ್‌ಎಲ್ ಎಂದರೆ ಪಬ್ಲಿಕ್ ಸಫಿಕ್ಸ್ ಲಿಸ್ಟ್. ಮೊಜಿಲ್ಲಾದವರು ಶುರುಮಾಡಿದ ಪಟ್ಟಿ ಅದು. ಯಾರು ಬೇಕಾದರೂ ಹೆಸರು ನೋಂದಾಯಿಸಬಹುದಾದ ಡೊಮೇನ್ ತುದಿಗಳು ಅದರಲ್ಲಿವೆ, ‘ಡಾಟ್ ಕಾಮ್’, ‘ಡಾಟ್ ಕೋ ಡಾಟ್ ಯುಕೆ’ ಇಂಥವು. ಒಂದು ಸೈಟ್ ತನ್ನ ಡೊಮೇನ್‌ಗೆ ಕುಕಿ ಇಡುವುದು ಸರಿ. ಆದರೆ ‘ಕೋ ಡಾಟ್ ಯುಕೆ’ ಪೂರ್ತಿಗೆ ಕುಕಿ ಇಡಲು ಬಿಟ್ಟರೆ, ಆ ಕುಕಿ ಸಂಬಂಧವೇ ಇಲ್ಲದ ಬೇರೆ ಸೈಟ್‌ಗಳಿಗೂ ಹೋಗುತ್ತದೆ. ಅದನ್ನು ತಡೆಯುವುದೇ ಲಿಬ್‌ಪಿಎಸ್‌ಎಲ್ ಕೆಲಸ. ನೀವು ಕಳೆದುಕೊಂಡದ್ದು ಈ ಕಾವಲನ್ನು. ಕುಕಿಯನ್ನೇ ಬಳಸದೆ ಬರೀ ಫೈಲ್ ಇಳಿಸಿಕೊಳ್ಳುತ್ತೀರಿ ಎಂದಾದರೆ ನಿಮಗೆ ವ್ಯತ್ಯಾಸ ಕಾಣದು. ಕುಕಿ ಆನ್ ಮಾಡಿ ಹಲವು ಸೈಟ್‌ಗಳ ಜೊತೆ ಮಾತಾಡುವ ಪ್ರೋಗ್ರಾಂಗೆ ಇದೇ ಕರ್ಲ್ ಲೈಬ್ರರಿಯನ್ನು ಕೊಡುತ್ತೀರಿ ಎಂದಾದರೆ ಅದು ಸುರಕ್ಷತೆಯ ವಿಷಯ.

ನೋಡಿ, ಮೂರು ಹುಡುಕಾಟದಲ್ಲಿ ಇಷ್ಟು ಸಿಕ್ಕಿತು. ಸಿಮೇಕ್‌ನಲ್ಲಿ ‘ಆಪ್ಷನ್’ ಎಂಬ ಸಾಲಿನಿಂದ, ಮೆಸಾನ್‌ನಲ್ಲಿ ‘ಗೆಟ್_ಆಪ್ಷನ್’ ಎಂಬಲ್ಲಿಂದ ಹೀಗೇ ಹೊರಡಬಹುದು. ‘ಹ್ಯಾವ್_’, ‘ಯೂಸ್_’, ‘ಎನೇಬಲ್_’ ಎಂದು ಶುರುವಾಗುವ ದೊಡ್ಡ ಅಕ್ಷರದ ಹೆಸರು ಕಂಡರೆ ಅದನ್ನು ಹಿಡಿದುಕೊಂಡು ಹೋಗಿ.

‘ಏನು’ ಗೊತ್ತಾಗಿ ‘ಯಾಕೆ’ ಗೊತ್ತಾಗದಿದ್ದರೆ ಗಿಟ್ ಇದೆ. ‘ಗಿಟ್ ಲಾಗ್’ ಮುಂದೆ ದೊಡ್ಡ ಅಕ್ಷರದ ‘-ಎಸ್’ ಹಾಕಿ, ಅದಕ್ಕೆ ಅಂಟಿಸಿ ಆಪ್ಷನ್ ಹೆಸರು ಕೊಡಿ. ಆ ಪದ ಸೋರ್ಸ್‌ಗೆ ಬಂದ ದಿನದ ಕಮಿಟ್ (ಗಿಟ್‌ನಲ್ಲಿ ದಾಖಲಾದ ಬದಲಾವಣೆ), ಹೋದ ದಿನದ ಕಮಿಟ್ ಎರಡೂ ಸಿಗುತ್ತವೆ. ಕಮಿಟ್ ಮೆಸೇಜ್‌ನಲ್ಲಿ ಬರೆದವರು ತಮ್ಮ ಕಾರಣ ಹೇಳಿರುತ್ತಾರೆ, ಎಷ್ಟೋ ಸಲ ಯಾವ ಬಗ್‌ನಿಂದಾಗಿ ಎಂದು ನಂಬರ್ ಕೂಡ ಇರುತ್ತದೆ. ಬೇರೆಲ್ಲೂ ಬರೆಯದ ದಾಖಲೆ ಇದು. ಟಾರ್‌ಬಾಲ್‌ನಲ್ಲಿ ಈ ಇತಿಹಾಸ ಇರುವುದಿಲ್ಲ, ಅದಕ್ಕೇ ಗಿಟ್ ಕ್ಲೋನ್ ಒಂದನ್ನು ಪಕ್ಕದಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಸೋರ್ಸ್ ಆದ ಮೇಲೆ ನಾನು ಹೋಗುವ ಜಾಗ, ಡಿಸ್ಟ್ರಿಬ್ಯೂಷನ್‌ಗಳ ಬಿಲ್ಡ್ ರೆಸಿಪಿ. ಡೆಬಿಯನ್, ಫೆಡೋರಾ, ಆರ್ಚ್ ಎಲ್ಲರೂ ಇದೇ ಸೋರ್ಸನ್ನೇ ಕಂಪೈಲ್ ಮಾಡಿ ಹಂಚುತ್ತಾರೆ. ಯಾವ ಆಪ್ಷನ್ ಹಾಕಿದರು ಎಂಬುದು ಗುಟ್ಟಲ್ಲ. ಡೆಬಿಯನ್‌ನಲ್ಲಿ ‘ಡೆಬಿಯನ್/ರೂಲ್ಸ್’ ಫೈಲ್, ಫೆಡೋರಾದಲ್ಲಿ ‘ಸ್ಪೆಕ್’ ಫೈಲ್, ಆರ್ಚ್‌ನಲ್ಲಿ ‘ಪಿಕೆಜಿಬಿಲ್ಡ್’. ಡೆಬಿಯನ್ ಸಿಸ್ಟಂ ಆದರೆ ‘ಆಪ್ಟ್-ಗೆಟ್ ಸೋರ್ಸ್’ ಕೊಟ್ಟರೆ ರೆಸಿಪಿ ನಿಮ್ಮ ಮಷಿನ್‌ಗೇ ಬರುತ್ತದೆ. ಜೆಂಟೂ ಇನ್ನೂ ಒಳ್ಳೆಯದು. ಸೌಲಭ್ಯಗಳನ್ನು ಆನ್ ಆಫ್ ಮಾಡುವ ಅವರ ಯೂಸ್ ಫ್ಲ್ಯಾಗ್‌ಗಳಿಗೆ ಮನುಷ್ಯರು ಓದುವಂಥ ವಿವರಣೆ ಇರುತ್ತದೆ, ಪ್ಯಾಕೇಜ್‌ಗೆ ಮಾತ್ರ ಸೇರಿದ್ದು ಅದರ ‘ಮೆಟಾಡೇಟಾ’ ಫೈಲ್‌ನಲ್ಲಿ ಇರುತ್ತದೆ. ನಿಮ್ಮಂತೆ ಕಲಿಯುವವರಿಗೆ ನಾನು ಹೆಚ್ಚು ಹೇಳುವುದು ಬಿಯಾಂಡ್ ಲಿನಕ್ಸ್ ಫ್ರಂ ಸ್ಕ್ರ್ಯಾಚ್ ಎಂಬ ಪುಸ್ತಕ. ಒಂದೊಂದು ಪ್ಯಾಕೇಜ್‌ನ ಪುಟದಲ್ಲೂ ಕೊಟ್ಟ ಆಪ್ಷನ್‌ಗಳು ಯಾಕೆ ಬೇಕು ಎಂದು ಕಮಾಂಡ್ ವಿವರಣೆಯ ಭಾಗದಲ್ಲಿ ಸರಳವಾಗಿ ಬರೆದಿರುತ್ತಾರೆ.

ಆದರೆ ಈ ರೆಸಿಪಿಗಳನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ಅವರ ಅಗತ್ಯ ಬೇರೆ. ಡೆಬಿಯನ್ ಕರ್ಲ್ ಲೈಬ್ರರಿಯನ್ನು ಓಪನ್‌ಎಸ್‌ಎಸ್‌ಎಲ್ ಜೊತೆ ಒಮ್ಮೆ, ಗ್ನುಟಿಎಲ್‌ಎಸ್ ಜೊತೆ ಇನ್ನೊಮ್ಮೆ ಕಟ್ಟಿ ಎರಡು ಪ್ಯಾಕೇಜ್ ಕೊಡುತ್ತದೆ. ನಿಮಗೆ ಬೇಕಾದದ್ದು ಒಂದೇ. ಎಲ್ಲರಿಗೂ ಆಗಲಿ ಎಂದು ಅವರು ಜಾಸ್ತಿ ಸೌಲಭ್ಯ ಆನ್ ಮಾಡುತ್ತಾರೆ. ಕೆಲವು ಆಪ್ಷನ್‌ಗಳು ಅವರು ಸೇರಿಸಿದ ಪ್ಯಾಚ್‌ನಿಂದಲೇ (ಸೋರ್ಸ್‌ಗೆ ಮಾಡಿದ ಬದಲಾವಣೆ) ಬಂದಿರುತ್ತವೆ, ನಿಮ್ಮ ಸೋರ್ಸ್‌ನಲ್ಲಿ ಅವು ಇರುವುದೇ ಇಲ್ಲ. ನನ್ನ ರೀತಿ ಹೀಗಿದೆ. ಎರಡು ಬೇರೆ ಬೇರೆ ಡಿಸ್ಟ್ರಿಬ್ಯೂಷನ್‌ನ ರೆಸಿಪಿ ತೆಗೆದು ಪಕ್ಕಪಕ್ಕ ಇಡುತ್ತೇನೆ. ಇಬ್ಬರೂ ಹಾಕಿದ ಆಪ್ಷನ್ ಇದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಒಬ್ಬರು ಮಾತ್ರ ಹಾಕಿದ್ದರೆ ಯಾಕೆ ಎಂದು ಅವರ ಚೇಂಜ್‌ಲಾಗ್ ನೋಡುತ್ತೇನೆ.

ಈಗಾಗಲೇ ಕಂಪೈಲ್ ಆಗಿ ಓಡುತ್ತಿರುವ ಪ್ರೋಗ್ರಾಂ ಅನ್ನೇ ಕೇಳುವುದೂ ಸಾಧ್ಯ. ‘ಕರ್ಲ್-ಕಾನ್ಫಿಗ್ --ಕಾನ್ಫಿಗರ್’, ‘ಪಿಜಿ_ಕಾನ್ಫಿಗ್ --ಕಾನ್ಫಿಗರ್’, ‘ಎಫ್‌ಎಫ್‌ಎಂಪೆಗ್ -ಬಿಲ್ಡ್‌ಕಾನ್ಫ್’, ದೊಡ್ಡ ಅಕ್ಷರದ ‘ವಿ’ ಹಾಕಿ ‘ಎಂಜಿನ್‌ಎಕ್ಸ್ -ವಿ’, ಸಣ್ಣ ಅಕ್ಷರದಲ್ಲಿ ‘ಜಿಸಿಸಿ -ವಿ’. ಇವೆಲ್ಲ ತಮ್ಮನ್ನು ಯಾವ ಆಪ್ಷನ್‌ಗಳಿಂದ ಕಟ್ಟಿದರು ಎಂದು ಹೇಳುತ್ತವೆ. ‘ವಿಮ್ --ವರ್ಷನ್’ ಕೊಟ್ಟರೆ ಸೇರಿದ್ದಕ್ಕೆ ಕೂಡಿಸುವ ಚಿಹ್ನೆ, ಸೇರದ್ದಕ್ಕೆ ಕಳೆಯುವ ಚಿಹ್ನೆ ಹಾಕಿ ಪಟ್ಟಿ ಕೊಡುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ‘ಪ್ರಾಗ್ಮಾ ಕಂಪೈಲ್_ಆಪ್ಷನ್ಸ್’ ಎಂದು ಕ್ವೆರಿ ಕೊಟ್ಟರೆ ಸಾಕು. ಎಸ್‌ಕ್ಯೂಲೈಟ್‌ನ ಹೆಸರು ಇನ್ನೊಂದು ಕಾರಣಕ್ಕೂ ಹೇಳಬೇಕು. ಅದರ ಬಹಳಷ್ಟು ಆಪ್ಷನ್‌ಗಳು ಕಾನ್ಫಿಗರ್ ಹೆಲ್ಪ್‌ನಲ್ಲಿ ಬರುವುದೇ ಇಲ್ಲ. ಕಂಪೈಲರ್‌ಗೆ ‘-ಡಿ’ ಹಾಕಿ ನೇರವಾಗಿ ಕೊಡುವ ಮ್ಯಾಕ್ರೋಗಳು ಅವು. ಅವರ ದಾಖಲೆಯಲ್ಲಿ ಕಂಪೈಲ್ ಟೈಂ ಆಪ್ಷನ್‌ಗಳ ಪುಟ ಪ್ರತ್ಯೇಕವಾಗಿ ಇದೆ. ವಿಮ್‌ನಲ್ಲಿ ಆ ವಿವರ ‘ಎಸ್‌ಆರ್‌ಸಿ’ ಫೋಲ್ಡರ್‌ನ ಮೇಕ್‌ಫೈಲ್‌ನಲ್ಲೇ ಕಾಮೆಂಟ್ ರೂಪದಲ್ಲಿ ಇದೆ. ಹಾಗಾಗಿ ಹೆಲ್ಪ್‌ನಲ್ಲಿ ಇಲ್ಲ ಎಂದ ಕೂಡಲೇ ಆಪ್ಷನ್ ಇಲ್ಲ ಎಂದುಕೊಳ್ಳಬೇಡಿ.

ಯಾವುದೂ ಸಿಗದಿದ್ದರೆ ಪ್ಯಾಕೇಜ್ ಬರೆದವರನ್ನೇ ಕೇಳಿ, ಸಂಕೋಚ ಬೇಡ. ಆದರೆ ‘ಈ ಆಪ್ಷನ್ ಏನು?’ ಎಂದು ಬರೀ ಕೇಳಬೇಡಿ. ವರ್ಷನ್ ಹೇಳಿ, ಹೆಲ್ಪ್‌ನ ಸಾಲು ಹಾಕಿ, ಕೋಡ್‌ನಲ್ಲಿ ಎಲ್ಲಿವರೆಗೆ ಹೋಗಿ ನೋಡಿದಿರಿ ಎಂದು ಬರೆಯಿರಿ. ‘ಕಾನ್ಫಿಗ್.ಲಾಗ್’ ಫೈಲ್ ಜೊತೆಗಿರಲಿ. ನೀವು ಕೊಟ್ಟ ಪೂರ್ತಿ ಕಮಾಂಡ್ ಅದರ ಆರಂಭದಲ್ಲೇ ದಾಖಲಾಗಿರುತ್ತದೆ, ಒಂದೊಂದು ಪರೀಕ್ಷೆ ಯಾಕೆ ಸೋತಿತು ಎಂಬುದೂ ಇರುತ್ತದೆ. ಉತ್ತರ ಸಿಕ್ಕ ಮೇಲೆ ಹೆಲ್ಪ್‌ನ ಆ ಅರ್ಧ ಸಾಲನ್ನು ಪೂರ್ತಿ ಸಾಲು ಮಾಡಿ ಒಂದು ಪ್ಯಾಚ್ ಕಳಿಸಿ. ಒಂದೇ ಸಾಲಿನ ಪ್ಯಾಚ್ ಎಂದು ಹಿಂಜರಿಯಬೇಡಿ. ನಿಮ್ಮ ನಂತರ ಬರುವವರಿಗೆ ಅದರಿಂದ ಎಷ್ಟು ಸಹಾಯ ಆಗುತ್ತದೆ ಎಂದು ನಿಮಗೀಗ ಗೊತ್ತು.

ಇನ್ನು ನಿಮ್ಮ ಕರ್ಲ್ ವಿಷಯ. ‘ವಿತೌಟ್-ಲಿಬ್‌ಪಿಎಸ್‌ಎಲ್’ ತೆಗೆದುಬಿಡಿ ಎಂಬುದು ನನ್ನ ಸಲಹೆ. ಲೈಬ್ರರಿ ನಿಮ್ಮ ಸಿಸ್ಟಂನಲ್ಲಿ ಈಗಾಗಲೇ ಇರಬಹುದು, ಆದರೆ ಕಂಪೈಲ್ ಮಾಡಲು ಅದರ ಫಂಕ್ಷನ್‌ಗಳನ್ನು ಕಂಪೈಲರ್‌ಗೆ ಪರಿಚಯಿಸುವ ಹೆಡರ್ ಫೈಲ್‌ಗಳೂ ಬೇಕು. ‘ಸಿಗಲಿಲ್ಲ’ ಎಂಬ ಎರರ್‌ಗೆ ಹೆಚ್ಚಾಗಿ ಇದೇ ಕಾರಣ. ಡೆಬಿಯನ್ ಬಳಗದಲ್ಲಿ ‘ಲಿಬ್‌ಪಿಎಸ್‌ಎಲ್-ಡೆವ್’, ಫೆಡೋರಾದಲ್ಲಿ ‘ಲಿಬ್‌ಪಿಎಸ್‌ಎಲ್-ಡೆವೆಲ್’ ಪ್ಯಾಕೇಜ್ ಹಾಕಿಕೊಳ್ಳಿ. ‘ಮೇಕ್ ಡಿಸ್ಟ್‌ಕ್ಲೀನ್’ ಕೊಟ್ಟು, ಕಾನ್ಫಿಗರ್ ಅನ್ನು ಮೊದಲಿನಿಂದ ಓಡಿಸಿ, ಕೊನೆಯ ಸಾರಾಂಶದಲ್ಲಿ ಪಿಎಸ್‌ಎಲ್ ಸಾಲು ನೋಡಿ, ಆಮೇಲೆ ‘ಮೇಕ್’ ಕೊಡಿ. ಕಂಪೈಲ್ ಮುಗಿದ ಮೇಲೆ ಹೊಸ ಕರ್ಲ್‌ಗೆ ದೊಡ್ಡ ಅಕ್ಷರದ ‘-ವಿ’ ಕೊಟ್ಟು ಫೀಚರ್ಸ್ ಎಂಬ ಸಾಲನ್ನು ಓದಿ. ಅಲ್ಲಿ ಪಿಎಸ್‌ಎಲ್ ಎಂದು ಕಂಡರೆ ಕಾವಲು ವಾಪಸ್ ಬಂದಿದೆ.